ಅಂತರಜಾಲದಿಂದ ಬಂದ ಪ್ರೋಗ್ರಾಂಗೂ ತಾಳೆ ಬೇಕು



ನಿಮ್ಮ ಮಗನೋ ಮಗಳೋ ಗಣಕಯಂತ್ರದ ಪಾಠಕ್ಕೆಂದು ಅಂತರಜಾಲದಲ್ಲಿ ಸಿಕ್ಕಿದ ಪ್ರೋಗ್ರಾಂ ಒಂದನ್ನು ನಕಲು ಮಾಡಿ ಮನೆಯ ಯಂತ್ರದಲ್ಲಿ ಚಲಾಯಿಸುವುದನ್ನು ನೀವು ನೋಡಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಬೇರೆಯವರು ಬರೆದುದನ್ನು ಚಲಾಯಿಸಿ, ಒಂದೆರಡು ಸಾಲು ಬದಲಿಸಿ, ಏನಾಗುತ್ತದೆಂದು ನೋಡಿಯೇ ಈ ವಿದ್ಯೆಯನ್ನು ಎಲ್ಲರೂ ಕಲಿಯುವುದು. ಆದರೆ ಆ ಸಾಲುಗಳನ್ನು ಬರೆದವರು ಯಾರು, ಅವರು ಬರೆದಂತೆಯೇ ನಮ್ಮ ಮನೆಗೆ ತಲುಪಿವೆಯೇ, ನಡುದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಕೇಳುವವರು ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಕಡಿಮೆ. ಇದನ್ನು ತಿಳಿದುಕೊಳ್ಳಲು ಒಂದು ಸುಲಭವಾದ ವಿಧಾನವಿದೆ. ಆ ವಿಧಾನದಲ್ಲಿ ನಮ್ಮ ಈ ಪುಟ್ಟ ಪತ್ರಿಕೆಗೂ ಒಂದು ಕೆಲಸವಿದೆ ಎಂಬುದು ನನ್ನ ಅಭಿಪ್ರಾಯ.

ಕನ್ನಡ ಶಾಲೆಗಳಿಗೆ ಅಧ್ಯಾಪಕರೇ ಇಲ್ಲದಿರುವಾಗ, ಪಠ್ಯಪುಸ್ತಕಗಳು ತಡವಾಗಿ ಬರುತ್ತಿರುವಾಗ, ಇದನ್ನೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದಾಗ ಕಾಸರಗೋಡಿನಲ್ಲಿ ಪಾಲಕರು, ಮಕ್ಕಳು ಬೀದಿಗಿಳಿದು ಪ್ರತಿಭಟಿಸಿದ್ದನ್ನು ನಾವು ಮರೆತಿಲ್ಲ. ಆದರೆ ಈ ಎರಡು ಸಂಗತಿಗಳಿಗೆ ಸಂಬಂಧವಿದೆ. ತರಗತಿಯಲ್ಲಿ ತನ್ನ ಭಾಷೆಯಲ್ಲಿ ಬಿಡಿಸಿ ಹೇಳುವವರು ಇಲ್ಲದಾಗ ಮಗು ಅಂತರಜಾಲಕ್ಕೆ ಹೋಗುತ್ತದೆ. ಅಲ್ಲಿರುವ ವಿವರಣೆ ಇಂಗ್ಲಿಷಿನಲ್ಲಿ. ವಿವರಣೆ ಅರ್ಥವಾಗದಿದ್ದರೂ ನಕಲು ಮಾಡುವ ಗುಂಡಿ ಎಲ್ಲರಿಗೂ ಅರ್ಥವಾಗುತ್ತದೆ. ಚಲಾಯಿಸುವ ಮುನ್ನ ಯಂತ್ರ ಏನೋ ಎಚ್ಚರಿಕೆ ಕೊಡುತ್ತದೆ, ಅದೂ ಇಂಗ್ಲಿಷಿನಲ್ಲಿ. ಮಗು 'ಎಸ್' ಎಂದು ಒತ್ತುತ್ತದೆ. ಹೊಸೂರಿನಲ್ಲಾಗಲಿ, ಜತ್ತಿನಲ್ಲಾಗಲಿ, ಮಡಕಶಿರಾದಲ್ಲಾಗಲಿ ನಡೆಯುವುದು ಇದೇ. ತಿಳಿಯದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಇದು ಅದೇ ಜಾತಿಯದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೇರಳದಲ್ಲಿ ಗಣಕಯಂತ್ರದ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಮಾಧ್ಯಮಿಕ ಹಂತದಿಂದಲೇ, ಅಂದರೆ ಆರನೆಯ ತರಗತಿಯಿಂದ, ಪ್ರೋಗ್ರಾಂ ಬರೆಯುವ ಚಟುವಟಿಕೆ ಇರಬೇಕೆಂದಿದೆ. ಪಾಠ ಬಂತು, ಪಾಠದ ಸುತ್ತಲಿನ ಸಾಮಗ್ರಿ ಕನ್ನಡದಲ್ಲಿ ಸಾಕಷ್ಟು ಬರಲಿಲ್ಲ. ಹಾಗಾಗಿ ಯಾರೋ ಒಬ್ಬ ಉತ್ಸಾಹಿ ಅಧ್ಯಾಪಕರು ಕಾಗುಣಿತದ ಆಟವನ್ನೋ ಮಗ್ಗಿಯ ಪ್ರೋಗ್ರಾಮನ್ನೋ ಕನ್ನಡದಲ್ಲಿ ಬರೆದರೆ ಅದು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ, ವಾಟ್ಸಾಪಿನಿಂದ ವಾಟ್ಸಾಪಿಗೆ ಊರೂರು ಸುತ್ತುತ್ತದೆ. ಹತ್ತು ಕೈ ದಾಟಿ ಬಂದ ಮೇಲೆ ಮೂಲ ಯಾವುದು, ತಿದ್ದಿದ್ದು ಯಾವುದು ಎಂದು ಹೇಳುವವರಿಲ್ಲ.

ಈಗ ವಿಧಾನಕ್ಕೆ ಬರೋಣ. ಗಣಕಯಂತ್ರದವರು ಇದನ್ನು ಚೆಕ್‌ಸಮ್ ಎನ್ನುತ್ತಾರೆ. ಅಂಗಡಿ ಲೆಕ್ಕದ ಮಾತಿನಲ್ಲಿ ತಾಳೆ ನೋಡುವುದು ಎಂದರೆ ಸಾಕು. ನಾನು ಇಲ್ಲಿ ತಾಳೆ ಅಂಕೆ ಎಂದೇ ಬರೆಯುತ್ತೇನೆ. ನಿಮಗೆ ಇದು ಹೊಸತಲ್ಲ. ಚೆಕ್ಕಿನಲ್ಲಿ ಹಣವನ್ನು ಅಂಕೆಯಲ್ಲೂ ಅಕ್ಷರದಲ್ಲೂ ಬರೆಯುವುದು ಯಾಕೆ? ಒಂದನ್ನು ತಿದ್ದಿದರೆ ಇನ್ನೊಂದು ಹಿಡಿದುಕೊಡಲಿ ಎಂದು. ನಿಮ್ಮ ಆಧಾರ್ ಸಂಖ್ಯೆಯ 12 ಅಂಕೆಗಳಲ್ಲಿ ಕೊನೆಯದು ಉಳಿದ 11ರಿಂದ ಲೆಕ್ಕ ಹಾಕಿ ಬಂದ ತಾಳೆ ಅಂಕೆ. ಮನೆಯಲ್ಲಿರುವ ಯಾವುದಾದರೂ ಪುಸ್ತಕದ ಬೆನ್ನಿನಲ್ಲಿ 978 ಎಂದು ಆರಂಭವಾಗುವ 13 ಅಂಕೆಗಳ ಐಎಸ್‌ಬಿಎನ್ ಸಂಖ್ಯೆ ಇದ್ದರೆ ಮಗುವಿಗೆ ಹೀಗೊಂದು ಲೆಕ್ಕ ಕೊಡಿ: ಮೊದಲ ಅಂಕೆಯನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು ಮತ್ತೆ 1ರಿಂದ, ಹೀಗೆ ಸರದಿಯಂತೆ ಗುಣಿಸಿ ಎಲ್ಲವನ್ನೂ ಕೂಡಿಸಲಿ. ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗಬೇಕು. ಆಗದಿದ್ದರೆ ಎಲ್ಲೋ ಒಂದು ಅಂಕೆ ತಪ್ಪಿದೆ.

ಇವು ಕೈತಪ್ಪನ್ನು ಹಿಡಿಯುವ ಲೆಕ್ಕಗಳು, ಕಳ್ಳನನ್ನು ಹಿಡಿಯಲಾರವು. ಹೊಸ ಸಂಖ್ಯೆ ಬರೆದು ಕೊನೆಯ ಅಂಕೆಯನ್ನು ತಾನೇ ಕೂಡಿಸಿ ಹೊಂದಿಸಲು ಕಳ್ಳನಿಗೆ ಎರಡು ನಿಮಿಷ ಸಾಕು. ಆದ್ದರಿಂದ ಫೈಲುಗಳಿಗೆ ಬಳಸುವ ಲೆಕ್ಕ ಇದಕ್ಕಿಂತ ಬಹಳ ಗಟ್ಟಿಯಾದುದು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದರ ಹೆಸರು ಎಸ್‌ಎಚ್‌ಎ-256. ಫೈಲು ಎರಡು ಸಾಲಿನದಿರಲಿ, ಎರಡು ತಾಸಿನ ಚಲನಚಿತ್ರವಿರಲಿ, ಈ ಲೆಕ್ಕ ಅದನ್ನೆಲ್ಲ ಅರೆದು 64 ಅಕ್ಷರಗಳ ಒಂದು ಗುರುತನ್ನು ಕೊಡುತ್ತದೆ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಬೇರೆ ಬೇರೆಯಾದ ಎರಡು ಫೈಲುಗಳಿಗೆ ಒಂದೇ ಗುರುತು ಬರುವಂತೆ ಮಾಡಿ ತೋರಿಸಿದವರು ಈತನಕ ಯಾರೂ ಇಲ್ಲ. ಇದರ ಹಿಂದಿನ ಎಂಡಿ5 ಎಂಬ ಲೆಕ್ಕವನ್ನು 2004ರಲ್ಲಿ ಚೀನಾದ ಸಂಶೋಧಕರು ಮುರಿದರು. ಎಸ್‌ಎಚ್‌ಎ-1 ಎಂಬುದು 2017ರಲ್ಲಿ ಮುರಿಯಿತು. ಆದ್ದರಿಂದ ಯಾರಾದರೂ ಆ ಹಳೆಯ ಗುರುತು ಕೊಟ್ಟರೆ 256 ಇರುವುದನ್ನು ಕೊಡಿ ಎಂದು ಕೇಳಿ.

ಈ 64 ಅಕ್ಷರಗಳಲ್ಲಿ ಬರುವುದು 0ಯಿಂದ 9ರ ತನಕದ ಅಂಕೆಗಳು, ಇಂಗ್ಲಿಷಿನ ಎ, ಬಿ, ಸಿ, ಡಿ, ಇ, ಎಫ್, ಇಷ್ಟೇ. ಇಂಗ್ಲಿಷ್ ಓದಲು ಬಾರದ ತಾಯಂದಿರೂ ಆರು ಅಕ್ಷರಗಳನ್ನು ಗುರುತು ಹಿಡಿದರೆ ತಾಳೆ ನೋಡಬಹುದು. ಶಾಲೆಯಲ್ಲಿ ಅಂಕಪಟ್ಟಿ ತಾಳೆ ನೋಡುವಂತೆ ಮಗು ಓದಲಿ, ನೀವು ಕಾಗದದ ಮೇಲೆ ಗುರುತು ಹಾಕುತ್ತಾ ಹೋಗಿ. ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಬಿಟ್ಟುಬಿಡುವ ಅಭ್ಯಾಸ ಬೇಡ. ಕೆಲವೇ ಅಕ್ಷರ ಹೊಂದುವಂತೆ ಮಾಡುವುದು ಕಳ್ಳನಿಗೆ ಸಾಧ್ಯ. 64ನ್ನೂ ಹೊಂದಿಸುವುದು ಸಾಧ್ಯವಿಲ್ಲ.

ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಲಿನಕ್ಸ್ ಇರುವ ಯಂತ್ರದಲ್ಲಿ ಟರ್ಮಿನಲ್ ತೆರೆದು ಎಸ್, ಎಚ್, ಎ, 256, ಎಸ್, ಯು, ಎಂ ಎಂದು ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆದು, ಆಮೇಲೆ ಒಂದು ಜಾಗ ಬಿಟ್ಟು ಫೈಲಿನ ಹೆಸರು ಕೊಡಬೇಕು. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಗೆಟ್, ನಡುವೆ ಒಂದು ಅಡ್ಡಗೆರೆ, ಫೈಲ್‌ಹ್ಯಾಶ್ ಎಂದು ಇಂಗ್ಲಿಷಿನಲ್ಲಿ ಬರೆದು ಫೈಲಿನ ಹೆಸರು ಕೊಟ್ಟರೆ ಅದೇ ಲೆಕ್ಕ ಬರುತ್ತದೆ. ಒಂದರಲ್ಲಿ ಸಣ್ಣಕ್ಷರ, ಇನ್ನೊಂದರಲ್ಲಿ ದೊಡ್ಡಕ್ಷರ ಕಂಡರೆ ಗಾಬರಿಯಾಗಬೇಡಿ, ಎರಡೂ ಒಂದೇ. ಇಂದೇ ಪರೀಕ್ಷಿಸಬೇಕೆಂದಿದ್ದರೆ ಏನೂ ಬರೆಯದ ಖಾಲಿ ಫೈಲೊಂದನ್ನು ಉಳಿಸಿ ಲೆಕ್ಕ ಹಾಕಿಸಿ. ಗುರುತು ಇ3ಬಿ0ಸಿ442 ಎಂದು ಆರಂಭವಾಗುತ್ತದೆ. ಅಕ್ಕಲಕೋಟೆಯಲ್ಲಿ ಹಾಕಿದರೂ ತಾಳವಾಡಿಯಲ್ಲಿ ಹಾಕಿದರೂ ಇದೇ ಬರಬೇಕು. ಈ ಆರಂಭವನ್ನು ನೆನಪಿಟ್ಟುಕೊಂಡರೆ ಒಂದು ಪ್ರಯೋಜನವೂ ಉಂಟು: ಇಳಿಸಿಕೊಂಡ ಫೈಲಿಗೆ ಈ ಗುರುತು ಬಂದರೆ ನಿಮಗೆ ಬಂದದ್ದು ಬರಿದಾದ ಡಬ್ಬಿ, ಒಳಗೆ ಏನೂ ಇಲ್ಲ.

ಇಷ್ಟರಿಂದ ನಿಜವಾಗಿ ಕಳ್ಳತನ ಸಿಕ್ಕಿಬಿದ್ದದ್ದುಂಟೇ? ಉಂಟು. ಅಮೆರಿಕದ ಕೋಡ್‌ಕವ್ ಎಂಬ ಕಂಪನಿ ತನ್ನ ಗಿರಾಕಿಗಳಿಗೆ ಒಂದು ಸಿದ್ಧ ಪ್ರೋಗ್ರಾಮನ್ನು ಅಂತರಜಾಲದಲ್ಲಿ ಕೊಡುತ್ತಿತ್ತು. ಗಿರಾಕಿಗಳು ಅದನ್ನು ಇಳಿಸಿಕೊಂಡು ನೇರವಾಗಿ ಚಲಾಯಿಸುತ್ತಿದ್ದರು. ನಮ್ಮ ಮಕ್ಕಳು ಮಾಡುವಂತೆಯೇ. 2021ರ ಜನವರಿ 31ರಿಂದ ಯಾರೋ ಒಳನುಗ್ಗಿ ಅದರಲ್ಲಿ ಒಂದು ಸಾಲನ್ನು ಸೇರಿಸಿದರು. ಚಲಾಯಿಸಿದವರ ಯಂತ್ರದಲ್ಲಿದ್ದ ಗುಟ್ಟಿನ ಕೀಲಿಗಳನ್ನು ಆ ಸಾಲು ಕಳ್ಳನ ಯಂತ್ರಕ್ಕೆ ಕಳುಹಿಸುತ್ತಿತ್ತು. ಪ್ರೋಗ್ರಾಂ ಎಂದಿನಂತೆ ಕೆಲಸವನ್ನೂ ಮಾಡುತ್ತಿತ್ತು. ಹಾಗಾಗಿ ಎರಡು ತಿಂಗಳು ಯಾರಿಗೂ ಸಂಶಯ ಬರಲಿಲ್ಲ. ಏಪ್ರಿಲ್ 1ರಂದು ಒಬ್ಬ ಗಿರಾಕಿ ತಾನು ಇಳಿಸಿಕೊಂಡ ಫೈಲಿನ ತಾಳೆ ಅಂಕೆಯನ್ನೂ ಗಿಟ್‌ಹಬ್ ಎಂಬ ಬೇರೆ ತಾಣದಲ್ಲಿ ಪ್ರಕಟವಾಗಿದ್ದ ತಾಳೆ ಅಂಕೆಯನ್ನೂ ಹೋಲಿಸಿ ನೋಡಿದ. ಹೊಂದಲಿಲ್ಲ. ಅವನು ಕಂಪನಿಗೆ ಬರೆದ, ಕಳ್ಳತನ ಹೊರಬಿತ್ತು. ಸಾವಿರಾರು ಗಿರಾಕಿಗಳಿದ್ದ ಕಂಪನಿ. ಅವರಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೂ ಇದ್ದವು. ಹಿಡಿದದ್ದು ಮಾತ್ರ ತಾಳೆ ನೋಡಿದ ಒಬ್ಬನ ಕಣ್ಣು.

ಇಲ್ಲಿ 'ಬೇರೆ ತಾಣ' ಎಂಬ ಮಾತಿಗೆ ಗಮನ ಕೊಡಿ, ಗುಟ್ಟು ಇರುವುದು ಅಲ್ಲೇ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ಉಚಿತ ತಂತ್ರಾಂಶದ ತಾಣಕ್ಕೆ ನುಗ್ಗಿದವರು ಇಳಿಸಿಕೊಳ್ಳುವ ಕೊಂಡಿಯನ್ನೇ ಬದಲಿಸಿ, ಹಿಂಬಾಗಿಲು ಇಟ್ಟ ಫೈಲನ್ನು ಜನರಿಗೆ ಹಂಚಿದರು. ತಾಣದಲ್ಲಿದ್ದ ತಾಳೆ ಅಂಕೆಯನ್ನೂ ತನ್ನ ಕಳ್ಳ ಫೈಲಿಗೆ ಹೊಂದುವಂತೆ ಬದಲಿಸಿದ್ದಾಗಿ ನುಗ್ಗಿದವನು ಆಮೇಲೆ ಪತ್ರಕರ್ತರಲ್ಲಿ ಹೇಳಿಕೊಂಡ. ಬೀಗ, ಕೀಲಿ ಎರಡನ್ನೂ ಒಂದೇ ಮೊಳೆಗೆ ತೂಗುಹಾಕಿದಂತೆ ಇದು. ಫೈಲು ಬರುವ ದಾರಿ ಒಂದು, ಅದರ ತಾಳೆ ಅಂಕೆ ಬರುವ ದಾರಿ ಇನ್ನೊಂದು ಆಗಿರಬೇಕು. ವಾಟ್ಸಾಪ್ ಗುಂಪಿನಲ್ಲಿ ಬಂದ ಫೈಲಿಗೆ ಅದೇ ಗುಂಪಿನಲ್ಲಿ ಅದೇ ವ್ಯಕ್ತಿ ಕೊಟ್ಟ ಅಂಕೆಯಿಂದ ಏನೂ ಸಿದ್ಧವಾಗದು.

ಹಾಗಾದರೆ ಎರಡನೆಯ ದಾರಿ ಯಾವುದು? ನನ್ನ ಮಟ್ಟಿಗೆ ಅಚ್ಚಿನ ಕಾಗದಕ್ಕಿಂತ ಒಳ್ಳೆಯ ದಾರಿ ಇಲ್ಲ. ಯಾವ ದೇಶದಲ್ಲಿ ಕುಳಿತ ಕಳ್ಳನೂ ಮಂಜೇಶ್ವರದ ಮನೆಯೊಂದರ ಮೇಜಿನ ಮೇಲಿರುವ ಪತ್ರಿಕೆಯಲ್ಲಿ ಅಕ್ಷರ ತಿದ್ದಲಾರ. ಗಡಿಯಾಚೆಯ ಕನ್ನಡ ಶಾಲೆಗಳಿಗಾಗಿ ಅಧ್ಯಾಪಕರು ತಯಾರಿಸಿ ಹಂಚುವ ಪ್ರೋಗ್ರಾಂಗಳ ತಾಳೆ ಅಂಕೆಗಳನ್ನು ಈ ಪತ್ರಿಕೆಯ ಒಂದು ಮೂಲೆಯಲ್ಲಿ ಪ್ರಕಟಿಸಬೇಕೆಂದು ನಾನು ಸಂಪಾದಕರಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಅಚ್ಚಿನಲ್ಲಿ ಒಂದು ಅಕ್ಷರ ತಪ್ಪಿದರೆ ಎಂದು ಹೆದರುವುದು ಬೇಡ. ತಪ್ಪಿದರೆ ತಾಳೆಯಾಗುವುದಿಲ್ಲ, ಅಷ್ಟೇ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದರಾಯಿತು. ಅಚ್ಚಿನ ತಪ್ಪಿನಿಂದ ಕಳ್ಳ ಫೈಲು ಒಳ್ಳೆಯದೆಂದು ತೋರುವ ಅಪಾಯವಿಲ್ಲ. ಪ್ರೋಗ್ರಾಂ ತಿದ್ದಿದಾಗಲೆಲ್ಲ ಅಂಕೆ ಬದಲಾಗುತ್ತದಲ್ಲ, ಪತ್ರಿಕೆ ಅಷ್ಟು ಬೇಗ ಬರುವುದಿಲ್ಲವಲ್ಲ ಎಂಬ ಆಕ್ಷೇಪವೂ ಬರಬಹುದು. ಮಗ್ಗಿಯ ಪ್ರೋಗ್ರಾಮನ್ನು ವಾರಕ್ಕೊಮ್ಮೆ ತಿದ್ದಬೇಕಾದ ಅಗತ್ಯವೇನೂ ಇಲ್ಲ. ವರ್ಷಕ್ಕೊಂದು ಬಾರಿ, ಶಾಲೆ ಆರಂಭವಾಗುವ ಮುನ್ನ, ಗಟ್ಟಿಯಾದ ಒಂದು ಪ್ರತಿ ಮಾಡಿಟ್ಟರೆ ಸಾಕು.

ಕೆಲವೊಮ್ಮೆ ಯಾರ ಮೋಸವೂ ಇಲ್ಲದೆ ತಾಳೆ ತಪ್ಪುತ್ತದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಇಲ್ಲವಾದರೆ ಎರಡು ಬಾರಿ ತಪ್ಪಿದೊಡನೆ ಜನ ಇದನ್ನು ಕೈಬಿಡುತ್ತಾರೆ. ಕಾಸರಗೋಡಿನ ಶಾಲೆಯಲ್ಲಿ ಲಿನಕ್ಸ್, ಮನೆಯಲ್ಲಿ ವಿಂಡೋಸ್. ಸಾಲು ಮುಗಿಯಿತೆಂದು ತೋರಿಸಲು ಲಿನಕ್ಸ್ ಒಂದು ಗುಪ್ತ ಚಿಹ್ನೆ ಬಳಸಿದರೆ ವಿಂಡೋಸ್ ಎರಡು ಬಳಸುತ್ತದೆ. ಶಾಲೆಯಲ್ಲಿ ಟೈಪು ಮಾಡಿದ್ದನ್ನೇ ಮನೆಯಲ್ಲಿ ಅಕ್ಷರ ಬಿಡದೆ ಟೈಪು ಮಾಡಿ ನೋಟ್‌ಪ್ಯಾಡಿನಲ್ಲಿ ಉಳಿಸಿದರೂ ಗುರುತು ಬೇರೆ ಬರುತ್ತದೆ. ವರ್ಡ್‌ನಲ್ಲಿ ಟೈಪು ಮಾಡಿದರೆ ನೆಟ್ಟಗಿನ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗುತ್ತದೆ. ಆಗ ಗುರುತೂ ಬೇರೆ, ಪ್ರೋಗ್ರಾಂ ಓಡುವುದೂ ಇಲ್ಲ.

ನಮ್ಮ ಕನ್ನಡಕ್ಕಂತೂ ಇನ್ನೊಂದು ತೊಡಕಿದೆ. 'ಕೊಡಗು' ಎಂಬ ಪದದ 'ಕೊ' ಎಂಬಲ್ಲಿ ಒತ್ವದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಹಾಗೂ ಕೊಂಬಿನ ದೀರ್ಘ ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. 'ರ‍್ಯಾಂಕ್' ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ಕೂರುತ್ತದೆ. ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಕನ್ನಡವನ್ನು ಯುನಿಕೋಡಿಗೆ ತಿರುಗಿಸಿದರೆ ಒಳಗಿನ ಸಂಕೇತಗಳೆಲ್ಲ ಬದಲಾಗುತ್ತವೆ. ಹಾಗಾಗಿ ಕನ್ನಡ ಮಾತುಗಳಿರುವ ಪ್ರೋಗ್ರಾಮನ್ನು ಸಾಲು ಸಾಲಾಗಿ ಸಂದೇಶದಲ್ಲಿ ಅಂಟಿಸಿ ಕಳುಹಿಸುವುದನ್ನು ಬಿಟ್ಟು ಫೈಲನ್ನೇ ಫೈಲಾಗಿ ಕಳುಹಿಸುವುದು ಒಳ್ಳೆಯದು. ಪಡೆದವರು ತೆರೆದು ಉಳಿಸುವ ಮುನ್ನವೇ ತಾಳೆ ನೋಡಬೇಕು. ಆಗಲೂ ತಪ್ಪಿದರೆ ಸುಮ್ಮನಿರದೆ ಕಳುಹಿಸಿದವರನ್ನು ಕೇಳಿ. ಕಾರಣ ಸಿಗುವ ತನಕ ಚಲಾಯಿಸಬೇಡಿ.

ತಾಳೆಯಾದ ಮಾತ್ರಕ್ಕೆ ಪ್ರೋಗ್ರಾಂ ಒಳ್ಳೆಯದು ಎಂದೂ ಆಗದು. ಬರೆದವನು ಕೊಟ್ಟದ್ದೇ ಬಂದಿದೆ ಎಂದಷ್ಟೇ ಅರ್ಥ, ಬರೆದವನೇ ಕೆಟ್ಟವನಾದರೆ? 2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಜೆಡ್ ಪ್ರಕರಣದಲ್ಲಿ ಹೀಗೇ ಆಯಿತು. ವರ್ಷಗಟ್ಟಲೆ ಒಳ್ಳೆಯವನಂತೆ ಕೆಲಸ ಮಾಡಿ ಉಸ್ತುವಾರಿ ವಹಿಸಿಕೊಂಡವನೇ ಹಿಂಬಾಗಿಲು ಇಟ್ಟಿದ್ದ. ತಾಳೆ ಅಂಕೆಯಲ್ಲಿ ದೋಷವಿರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಯಂತ್ರದೊಳಗೆ ಹೋಗಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿತು. ಆದ್ದರಿಂದ ಚಿಕ್ಕ ಪ್ರೋಗ್ರಾಂಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯೇ ಇದೆ. ಇಪ್ಪತ್ತು ಸಾಲಿನದಾದರೆ ತಾಳೆ ಅಂಕೆಯನ್ನು ನೆಚ್ಚಬೇಡಿ; ಮಗು ಪ್ರತಿ ಸಾಲು ಏನು ಮಾಡುತ್ತದೆಂದು ಕನ್ನಡದಲ್ಲಿ ಹೇಳಲಿ, ಆಮೇಲೆ ಕೈಯಾರೆ ಟೈಪು ಮಾಡಲಿ. ಹೇಳಲಾಗದ ಸಾಲು ಇದ್ದರೆ ಅಧ್ಯಾಪಕರನ್ನು ಕೇಳಲಿ. ನೂರಾರು ಸಾಲಿನ, ಓದಿ ಮುಗಿಸಲಾಗದ ಪ್ರೋಗ್ರಾಂಗಳಿಗೆ ತಾಳೆ ಅಂಕೆ ಬೇಕು, ಜೊತೆಗೆ ಬರೆದವರು ಯಾರೆಂದೂ ತಿಳಿದಿರಬೇಕು. ಎರಡೂ ಇಲ್ಲದಿದ್ದರೆ ಬೇಡವೇ ಬೇಡ.

2024ರಿಂದ ಈಚೆಗೆ ಇನ್ನೊಂದು ಮೋಸ ಹೆಚ್ಚಾಗಿದೆ. ನೀವು ಮನುಷ್ಯರೇ ಎಂದು ಸಿದ್ಧಪಡಿಸಲು ವಿಂಡೋಸ್ ಗುಂಡಿಯನ್ನೂ 'ಆರ್' ಗುಂಡಿಯನ್ನೂ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಇದನ್ನು ಅಂಟಿಸಿ ಎಂದು ತಾಣವೊಂದು ಹೇಳುತ್ತದೆ. ಅಂಟಿಸುವುದು ಕಳ್ಳನ ಆಜ್ಞೆಯನ್ನು. ಇಂಥದಕ್ಕೆ ತಾಳೆ ನೋಡುವ ಪ್ರಶ್ನೆಯೇ ಇಲ್ಲ, ಕಿಟಕಿ ಮುಚ್ಚಬೇಕು. ಮನೆಯಲ್ಲಿ ಮೊಬೈಲ್ ಮಾತ್ರ ಇರುವವರೂ ಹೊರತಲ್ಲ. ಮದುವೆಯ ಕರೆಯೋಲೆ ಎಂದು ಎಪಿಕೆ ಫೈಲು ಕಳುಹಿಸಿ ಫೋನನ್ನು ವಶಪಡಿಸಿಕೊಳ್ಳುವ ಮೋಸದ ಬಗ್ಗೆ ಪೊಲೀಸರು 2024ರಲ್ಲೇ ಎಚ್ಚರಿಸಿದ್ದರು. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ಮಗುವನ್ನು ಗದರಿಸುತ್ತಾ ಹೊತ್ತು ಕಳೆಯಬೇಡಿ. ಬ್ಯಾಂಕಿನ ವ್ಯವಹಾರ ನಡೆಸುವ ಯಂತ್ರದಲ್ಲಿ ಮಗುವಿಗೆ ಬೇರೆ ಪ್ರವೇಶ ಮಾಡಿಕೊಡುವುದೂ ಅಗತ್ಯ.

ಇನ್ನು ಸರಕಾರಗಳಲ್ಲಿ ನಾವು ಕೇಳಬೇಕಾದದ್ದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವನ್ನು ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳಿದೆ. ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿ ಇರಬೇಕೆಂದು 350ಬಿ ಹೇಳಿದೆ. ಎರಡೂ 1956ರ ಏಳನೆಯ ತಿದ್ದುಪಡಿಯಿಂದ ಬಂದವು. ಪಾಠಕ್ಕೆ ಕನ್ನಡ, ಎಚ್ಚರಿಕೆಗೆ ಮಾತ್ರ ಇಂಗ್ಲಿಷ್ ಎಂದರೆ ಅರ್ಧ ಸೌಲಭ್ಯ ಕೊಟ್ಟಂತೆ. ಇಲಾಖೆ ಶಾಲೆಗಳಿಗೆ ಕೊಡುವ ತಂತ್ರಾಂಶ ಯಾವುದೇ ಇರಲಿ, ಅದರ ತಾಳೆ ಅಂಕೆಯನ್ನೂ ತಾಳೆ ನೋಡುವ ಕ್ರಮವನ್ನೂ ಕನ್ನಡ ಮಾಧ್ಯಮದ ಪಠ್ಯಪುಸ್ತಕದಲ್ಲೋ ಅಧ್ಯಾಪಕರ ಕೈಪಿಡಿಯಲ್ಲೋ ಕನ್ನಡದಲ್ಲೇ ಅಚ್ಚು ಹಾಕಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಅರ್ಧ ಪುಟ ಸಾಕು. ನಮ್ಮ ಮನವಿಪತ್ರಗಳಲ್ಲಿ ಅಧ್ಯಾಪಕರ ನೇಮಕ, ಪುಸ್ತಕ, ಪ್ರಶ್ನೆಪತ್ರಿಕೆಗಳ ಬೇಡಿಕೆಯ ಕೆಳಗೆ ಇದನ್ನೂ ಒಂದು ಸಾಲಾಗಿ ಸೇರಿಸೋಣ. ಮೇಲಿನ ಬೇಡಿಕೆಗಳಿಗೆ ಬದಲಾಗಿ ಅಲ್ಲ, ಜೊತೆಗೆ.

ಅಷ್ಟರ ತನಕ ಕಾಯಬೇಕಾಗಿಲ್ಲ. ನಿಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಅಥವಾ ಶಾಲಾ ವ್ಯವಸ್ಥಾಪನ ಸಮಿತಿಯ ಮುಂದಿನ ಸಭೆಯಲ್ಲಿ, ಪ್ರಯೋಗಾಲಯದ ಯಂತ್ರಗಳಿಗೆ ತಂತ್ರಾಂಶ ಎಲ್ಲಿಂದ ಬಂತು, ಹಾಕುವಾಗ ತಾಳೆ ನೋಡಿದವರು ಯಾರು ಎಂದು ಕೇಳಿ. ಕನ್ನಡದಲ್ಲಿ ಪ್ರೋಗ್ರಾಂ ಬರೆದಿರುವ ಅಧ್ಯಾಪಕರು ನಿಮ್ಮ ಊರಿನಲ್ಲಿದ್ದರೆ ಫೈಲಿನ ಹೆಸರು, ತಯಾರಾದ ದಿನಾಂಕ, ಅದು ಏನು ಮಾಡುತ್ತದೆಂದು ಎರಡು ವಾಕ್ಯ, 64 ಅಕ್ಷರಗಳ ತಾಳೆ ಅಂಕೆ, ಇಷ್ಟನ್ನು ಪತ್ರಿಕೆಗೆ ಕಳುಹಿಸುವಂತೆ ಹೇಳಿ. ಅಂಕೆಯನ್ನು ನಾಲ್ಕು ನಾಲ್ಕು ಅಕ್ಷರಗಳಾಗಿ ಬಿಡಿಸಿ ಬರೆದರೆ ಅಚ್ಚು ಮಾಡುವವರಿಗೂ ಓದುವವರಿಗೂ ಅನುಕೂಲ.